ಲೆಕ್ಕಕ್ಕೆ ಬಂದ ಕ್ಯಾಚುಗಳು, ಲೆಕ್ಕಕ್ಕೆ ಬಾರದ ಪೆಟ್ಟುಗಳು



ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬನ ವೃತ್ತಿಜೀವನವನ್ನು ಕುರಿತು ಮಾತನಾಡುತ್ತೇನೆಂದಾಗ ಸಂಘಟಕರಿಗೆ ತುಸು ಆಶ್ಚರ್ಯವಾಯಿತು. ಕ್ರಿಕೆಟ್ಟಿನ ಜಾತಿ, ವರ್ಗ, ಬಂಡವಾಳಗಳ ಬಗ್ಗೆ ನಾವು ಗಂಟೆಗಟ್ಟಲೆ ಚರ್ಚಿಸಬಲ್ಲೆವು. ಈ ಆಟವನ್ನು ಮಾತ್ರ ವರ್ಷಕ್ಕೊಮ್ಮೆ, ಸೂಪರ್ ಬೌಲ್ ಭಾನುವಾರದಂದು, ಯಾರದೋ ಮನೆಯ ಸೋಫಾದಲ್ಲಿ ಕುಳಿತು ನೋಡಿ ಮರೆಯುತ್ತೇವೆ. ಆದರೆ ನಾವು ತೆರಿಗೆ ಕಟ್ಟುತ್ತಿರುವ ಈ ದೇಶ ಕಪ್ಪು ಜನರ ದೇಹದೊಡನೆ ನಡೆಸಿಕೊಂಡು ಬಂದ ವ್ಯವಹಾರವನ್ನು ಒಂದೇ ಬದುಕಿನಲ್ಲಿ ಕಾಣಬೇಕೆಂದರೆ, ಡೆನ್ವರ್ ಬ್ರಾಂಕೋಸ್ ತಂಡದ ವೈಡ್ ರಿಸೀವರ್ ಆಗಿದ್ದ ಡಿಮೇರಿಯಸ್ ಥಾಮಸ್ ಅವರ ಬದುಕಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಆಟ ಗೊತ್ತಿಲ್ಲದವರಿಗಾಗಿ ಒಂದು ಮಾತು. ವೈಡ್ ರಿಸೀವರ್ ನಿಲ್ಲುವುದು ಗುಂಪಿನಿಂದ ದೂರ, ಮೈದಾನದ ಅಂಚಿನಲ್ಲಿ. ಮೊದಲೇ ನಿಗದಿಯಾದ ಹಾದಿಯಲ್ಲಿ ಆತ ಓಡಬೇಕು. ಎಷ್ಟೋ ಬಾರಿ ಆತ ತಿರುಗಿ ನೋಡುವ ಮೊದಲೇ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆದುಬಿಟ್ಟಿರುತ್ತಾನೆ. ಕಣ್ಣು ಚೆಂಡಿನ ಮೇಲೆ, ಕೈಗಳು ಆಕಾಶದತ್ತ, ಪಕ್ಕೆಲುಬು ಮತ್ತು ತಲೆ ಎದುರಾಳಿಗೆ ತೆರೆದುಕೊಂಡ ಸ್ಥಿತಿಯಲ್ಲಿ ಆತ ಚೆಂಡು ಹಿಡಿಯುತ್ತಾನೆ. ನಾವು ಚಪ್ಪಾಳೆ ತಟ್ಟುವ ಕ್ಷಣವೂ ಅವನು ಅತ್ಯಂತ ಅರಕ್ಷಿತನಾಗಿರುವ ಕ್ಷಣವೂ ಒಂದೇ.

ಥಾಮಸ್ ಹುಟ್ಟಿದ್ದು 1987ರ ಕ್ರಿಸ್‌ಮಸ್ ದಿನ, ಜಾರ್ಜಿಯಾ ರಾಜ್ಯದ ಮಾಂಟ್ರೋಸ್ ಎಂಬ ಪುಟ್ಟ ಊರಿನಲ್ಲಿ. 1999ರ ಮಾರ್ಚಿನ ಒಂದು ಬೆಳಗ್ಗೆ ಪೊಲೀಸರು ಮನೆಗೆ ನುಗ್ಗಿದಾಗ ಹುಡುಗನಿಗೆ 11 ವರ್ಷ. ಮಕ್ಕಳನ್ನು ಶಾಲೆಯ ಬಸ್ಸಿನವರೆಗೆ ಬಿಟ್ಟುಬರಲು ಅವಕಾಶ ಕೊಡಿ ಎಂದು ತಾಯಿ ಕೇಳಿಕೊಂಡರಂತೆ. ಕ್ರ್ಯಾಕ್ ಕೊಕೇನ್ ಮಾರಾಟದ ಪ್ರಕರಣವದು. ಮಾರಾಟ ನಡೆಸುತ್ತಿದ್ದವರು ಅಜ್ಜಿ. ಆಕೆಯ ವಿರುದ್ಧ ಸಾಕ್ಷಿ ನುಡಿದರೆ ಶಿಕ್ಷೆ ಕಡಿಮೆಯಾಗುತ್ತದೆ ಎಂದು ತಾಯಿಗೆ ಹೇಳಲಾಯಿತು. ಹೆತ್ತವಳ ವಿರುದ್ಧ ಮಗಳು ಬಾಯಿ ತೆರೆಯಲಿಲ್ಲ. ತಾಯಿಗೆ 20 ವರ್ಷ, ಹಿಂದೆಯೂ ಶಿಕ್ಷೆಗೊಳಗಾಗಿದ್ದ ಅಜ್ಜಿಗೆ ಜೀವಾವಧಿ. ಹುಡುಗ ಸಂಬಂಧಿಕರ ಮನೆಗಳನ್ನು ಸುತ್ತಿ ಕೊನೆಗೆ ಪಾದ್ರಿಯಾಗಿದ್ದ ಚಿಕ್ಕಪ್ಪನ ಮನೆಯಲ್ಲಿ ಬೆಳೆದ.

ಇಲ್ಲಿ ಕೆಲವರು ಮನಸ್ಸಿನಲ್ಲೇ ಕೇಳುತ್ತಿರಬಹುದು: ಮಾದಕದ್ರವ್ಯ ಮಾರಿದವರಿಗೆ ಶಿಕ್ಷೆಯಾಯಿತು, ಅದರಲ್ಲೇನು ಅನ್ಯಾಯ? ನ್ಯಾಯವಾದ ಪ್ರಶ್ನೆಯೇ. ಅವರು ನಿರಪರಾಧಿಗಳೆಂದು ನಾನು ವಾದಿಸುತ್ತಿಲ್ಲ. ಶಿಕ್ಷೆಯ ಅಳತೆಗೋಲನ್ನು ನೋಡಿ ಎನ್ನುತ್ತೇನೆ. 1986ರ ಕೇಂದ್ರ ಕಾನೂನಿನ ಪ್ರಕಾರ 5 ಗ್ರಾಂ ಕ್ರ್ಯಾಕ್‌ಗೆ ಕನಿಷ್ಠ 5 ವರ್ಷ ಜೈಲು ಕಡ್ಡಾಯ. ಅದೇ 5 ವರ್ಷ ಪುಡಿ ಕೊಕೇನ್ ಇಟ್ಟುಕೊಂಡವನಿಗೆ ಬೀಳಬೇಕಾದರೆ ಅವನ ಬಳಿ 500 ಗ್ರಾಂ ಇರಬೇಕು. ವಸ್ತು ಮೂಲತಃ ಒಂದೇ. ಒಂದು ಬಡ ಕಪ್ಪು ಕೇರಿಗಳ ರೂಪ, ಇನ್ನೊಂದು ಬಿಳಿಯರ ಔತಣಕೂಟಗಳ ರೂಪ. ಎರಡೂ ಪಕ್ಷಗಳು ಸೇರಿ ಮಾಡಿದ ಈ 100ಕ್ಕೆ 1ರ ಲೆಕ್ಕ 24 ವರ್ಷ ನಡೆಯಿತು. 2010ರ ಆಗಸ್ಟಿನಲ್ಲಿ ಅದನ್ನು ತಿದ್ದಿದಾಗಲೂ ಸಮ ಮಾಡಲಿಲ್ಲ, 18ಕ್ಕೆ 1 ಮಾಡಿದರು. ಚೌಕಾಸಿಯಲ್ಲಿ ಸಿಕ್ಕ ನ್ಯಾಯ ಎನ್ನಬೇಕು! ಹಳೆಯ ಕೈದಿಗಳಿಗೆ ಆ ತಿದ್ದುಪಡಿ ತಾನಾಗಿ ಅನ್ವಯಿಸಲೂ ಇಲ್ಲ. ಅದಕ್ಕೆ 2018ರ ಇನ್ನೊಂದು ಕಾನೂನು ಬರಬೇಕಾಯಿತು.

ಅದೇ 2010ರ ಏಪ್ರಿಲ್‌ನಲ್ಲಿ ಥಾಮಸ್ ಎನ್.ಎಫ್.ಎಲ್. ಆಯ್ಕೆಯ ಮೊದಲ ಸುತ್ತಿನಲ್ಲಿ, 22ನೆಯವರಾಗಿ, ಡೆನ್ವರ್ ತಂಡ ಸೇರಿದರು. ಅದಕ್ಕೂ ಮುನ್ನ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಅವರು ಆಡಿದ ತಂಡ ಚೆಂಡನ್ನು ಎಸೆಯುವುದೇ ಅಪರೂಪ. ಹೆಚ್ಚಾಗಿ ಹೊತ್ತು ಓಡುವ ಪದ್ಧತಿ. 2009ರಲ್ಲಿ ಅವರು ಹಿಡಿದದ್ದು 46 ಚೆಂಡು, ಗಳಿಸಿದ್ದು 1,154 ಗಜ. ಉಳಿದ ಹೊತ್ತೆಲ್ಲ ರಿಸೀವರ್‌ಗೆ ಎದುರಾಳಿಗಳನ್ನು ಮೈಯಿಂದ ತಡೆಯುವ ಕೆಲಸ. ಆ ಢಿಕ್ಕಿಗಳು ಯಾವ ಪಟ್ಟಿಯಲ್ಲೂ ಇಲ್ಲ. ಸಂಬಳವೂ ಇರಲಿಲ್ಲ. ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದೆಂದು ಒಪ್ಪಿದ್ದು 2021ರಲ್ಲಿ, ಅವರು ನಿವೃತ್ತರಾದ ಮೇಲೆ.

2012ರ ಜನವರಿ 8ರಂದು ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧದ ಪ್ಲೇಆಫ್ ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಮೊದಲ ಎಸೆತದಲ್ಲೇ ಟಿಮ್ ಟೀಬೋ ಕೊಟ್ಟ ಚೆಂಡನ್ನು ಹಿಡಿದ ಥಾಮಸ್, ಬೆನ್ನಟ್ಟಿದವನನ್ನು ಒಂದು ಕೈಯಲ್ಲಿ ದೂಡಿ ಗೆರೆಯವರೆಗೂ ಓಡಿದರು. 80 ಗಜ, 11 ಸೆಕೆಂಡು, ಪಂದ್ಯ ಮುಗಿಯಿತು. ಮರುದಿನ ದೇಶವೆಲ್ಲ ಮಾತನಾಡಿದ್ದು ಟೀಬೋ ಅವರ ದೈವಭಕ್ತಿಯ ಬಗ್ಗೆ. ಓಡಿದವನ ತಾಯಿ ಮತ್ತು ಅಜ್ಜಿ ಆ ಓಟವನ್ನು ಫ್ಲೋರಿಡಾದ ಕೇಂದ್ರ ಕಾರಾಗೃಹದ ಟಿ.ವಿ.ಯಲ್ಲಿ ನೋಡಿದ್ದರು.

ಮುಂದಿನದು ಏರುಗಾಲ. ಪೇಟನ್ ಮ್ಯಾನಿಂಗ್ ಬಂದ ಮೇಲೆ 2012ರಿಂದ 2016ರವರೆಗೆ ಸತತ ಐದು ವರ್ಷ, ವರ್ಷಕ್ಕೆ ಸಾವಿರ ಗಜಕ್ಕಿಂತ ಹೆಚ್ಚು. 2014ರಲ್ಲೇ 111 ಕ್ಯಾಚು. 2015ರ ಜುಲೈನ ಒಂದೇ ವಾರದಲ್ಲಿ ಎರಡು ಸುದ್ದಿ ಬಂದವು: ಅಧ್ಯಕ್ಷ ಒಬಾಮಾ ತಾಯಿಯ ಶಿಕ್ಷೆಯನ್ನು ಮೊಟಕುಗೊಳಿಸಿದರು, ಡೆನ್ವರ್ ತಂಡ ಮಗನೊಡನೆ 5 ವರ್ಷಕ್ಕೆ 70 ಮಿಲಿಯನ್ ಡಾಲರ್ ಒಪ್ಪಂದ ಮಾಡಿಕೊಂಡಿತು. ಮಗ ಆಡುವುದನ್ನು ತಾಯಿ ಮೊದಲ ಬಾರಿ ಕ್ರೀಡಾಂಗಣದಲ್ಲಿ ಕುಳಿತು ನೋಡಿದ್ದು 2016ರ ಜನವರಿಯಲ್ಲಿ. ಎದುರಾಳಿ ಮತ್ತೆ ಪಿಟ್ಸ್‌ಬರ್ಗ್. ಮೂರು ವಾರಗಳ ನಂತರ ತಂಡ ಸೂಪರ್ ಬೌಲ್ ಗೆದ್ದಿತು. ಶ್ವೇತಭವನದ ಸತ್ಕಾರಕ್ಕೆ ಹೋದಾಗ ಥಾಮಸ್ ಅಧ್ಯಕ್ಷರ ಕೈಗೆ ಒಂದು ಪತ್ರ ಕೊಟ್ಟರು. ಆ ಆಗಸ್ಟಿನಲ್ಲಿ ಅಜ್ಜಿಯ ಶಿಕ್ಷೆಯೂ ಮೊಟಕಾಯಿತು.

ಕ್ರೀಡಾ ಪತ್ರಿಕೋದ್ಯಮ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಲು ಇಷ್ಟಪಡುತ್ತದೆ. ಕಷ್ಟದಿಂದ ಮೇಲೆ ಬಂದ ಹುಡುಗ, ಕೊನೆಗೆ ಕೂಡಿದ ಕುಟುಂಬ. ಈ ಬಗೆಯ ನಿರೂಪಣೆಯ ಬಗ್ಗೆ ನನಗೆ ಆಳವಾದ ತಕರಾರಿದೆ. ಇದರಲ್ಲಿ ಕಷ್ಟವೆಂಬುದು ಬರಗಾಲದಂತೆ, ನೆರೆಯಂತೆ ತಾನಾಗಿ ಬಂದುಬಿಡುತ್ತದೆ. ಆ ಕಷ್ಟವನ್ನು ಕರಡು ಮಾಡಿದವರು, ಮತ ಹಾಕಿದವರು, ಸಹಿ ಮಾಡಿದವರು ಇದ್ದರೆಂಬುದು ಮರೆಯಾಗುತ್ತದೆ. ಕ್ಷಮಾದಾನದ ಅಧಿಕಾರ ಅಧ್ಯಕ್ಷರದ್ದು, ಅದನ್ನು ಬಳಸಿದ್ದು ಒಳ್ಳೆಯದೇ. ಆದರೆ ಅಧ್ಯಕ್ಷರ ಕೈಗೇ ಪತ್ರ ಕೊಡುವಷ್ಟು ಹತ್ತಿರ ಹೋಗಲು ಮಗ ಸೂಪರ್ ಬೌಲ್ ಗೆಲ್ಲಬೇಕಾಯಿತು. ಚೆಂಡು ಹಿಡಿಯಲು ಬಾರದ ಮಕ್ಕಳ ತಾಯಂದಿರು ಎಷ್ಟು ಜನ?

ಏರಿದ್ದು ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. 2018ರ ಅಕ್ಟೋಬರಿನಲ್ಲಿ ಡೆನ್ವರ್ ಅವರನ್ನು ಹ್ಯೂಸ್ಟನ್‌ಗೆ ಕೊಟ್ಟಿತು. ಡಿಸೆಂಬರಿನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಆ ತಂಡವೂ ಕೈಬಿಟ್ಟಿತು. 2019ರ ಫೆಬ್ರವರಿಯಲ್ಲಿ ಅವರೇ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಯಿತು. ಆ ವರ್ಷ ನ್ಯೂಯಾರ್ಕ್ ಜೆಟ್ಸ್ ಪರವಾಗಿ ಆಡಿದ್ದೇ ಕೊನೆ. 2021ರ ಜೂನ್‌ನಲ್ಲಿ ನಿವೃತ್ತಿ ಘೋಷಿಸಿದಾಗ ಖಾತೆಯಲ್ಲಿದ್ದದ್ದು 724 ಕ್ಯಾಚು, 9,763 ಗಜ, 63 ಟಚ್‌ಡೌನ್. ಅದೇ ಡಿಸೆಂಬರ್ 9ರಂದು ಜಾರ್ಜಿಯಾದ ರಾಸ್‌ವೆಲ್‌ನ ಮನೆಯಲ್ಲಿ ಅವರು ಶವವಾಗಿ ಸಿಕ್ಕರು. 34 ತುಂಬಲು 16 ದಿನ ಬಾಕಿಯಿತ್ತು.

ಕುಟುಂಬ ಮಿದುಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ದಾನ ಮಾಡಿತು. 2022ರ ಜುಲೈನಲ್ಲಿ ವರದಿ ಹೊರಬಂತು: ಎರಡನೆಯ ಹಂತದ ಸಿ.ಟಿ.ಇ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಮಿದುಳಿನಲ್ಲಿ ಟೌ ಎಂಬ ಪ್ರೋಟೀನ್ ಅಸಹಜವಾಗಿ ಶೇಖರವಾಗುವ ಕಾಯಿಲೆಯಿದು. ಖಚಿತವಾಗಿ ಪತ್ತೆಯಾಗುವುದು ಸತ್ತ ಮೇಲೆ ಮಾತ್ರ. ಇಲ್ಲಿ ಎಚ್ಚರದಿಂದ ಮಾತನಾಡಬೇಕು. ಅವರನ್ನು ಕೊಂದದ್ದು ಸಿ.ಟಿ.ಇ. ಅಲ್ಲ, ಮೂರ್ಛೆರೋಗದ ತೊಡಕು; ಅದಕ್ಕೆ ಕಾರು ಅಪಘಾತವೂ ಕಾರಣವಿರಬಹುದು. ಅದೇ ಕೇಂದ್ರ 2023ರ ಹೊತ್ತಿಗೆ ಪರೀಕ್ಷಿಸಿದ 376 ಎನ್.ಎಫ್.ಎಲ್. ಆಟಗಾರರ ಮಿದುಳುಗಳಲ್ಲಿ 345ರಲ್ಲಿ ಕಾಯಿಲೆ ಕಂಡಿತು. ಅನುಮಾನವಿದ್ದ ಕುಟುಂಬಗಳೇ ಹೆಚ್ಚಾಗಿ ದಾನ ಮಾಡುವುದರಿಂದ ಈ ಪ್ರಮಾಣವನ್ನು ಎಲ್ಲ ಆಟಗಾರರಿಗೂ ಹಚ್ಚುವಂತಿಲ್ಲ. ಹಚ್ಚದಿದ್ದರೂ 345 ಸಣ್ಣ ಸಂಖ್ಯೆಯಲ್ಲ.

ಲೀಗ್ ಏನು ಮಾಡಿತು? ಸಾವಿರಾರು ಮಾಜಿ ಆಟಗಾರರು ಹೂಡಿದ ಮೊಕದ್ದಮೆ 2013ರಲ್ಲಿ ರಾಜಿಯ ಹಂತಕ್ಕೆ ಬಂದು 2015ರಲ್ಲಿ ನ್ಯಾಯಾಲಯದ ಒಪ್ಪಿಗೆ ಪಡೆಯಿತು. ಪರಿಹಾರ ಸಿಗಬೇಕಾದರೆ ಆಟಗಾರನ ಬುದ್ಧಿಶಕ್ತಿ ಕುಗ್ಗಿದೆಯೆಂದು ಪರೀಕ್ಷೆಯಲ್ಲಿ ತೋರಬೇಕು. ಎಷ್ಟು ಕುಗ್ಗಿದೆ ಎಂದು ಅಳೆಯುವಾಗ ಕಪ್ಪು ಆಟಗಾರರ ಬುದ್ಧಿಶಕ್ತಿ ಮೊದಲಿನಿಂದಲೇ ಬಿಳಿಯರಿಗಿಂತ ಕಡಿಮೆ ಎಂದು ಊಹಿಸುವ ಕೋಷ್ಟಕಗಳನ್ನು ಬಳಸಲಾಯಿತು. ಒಂದೇ ಅಂಕ ಪಡೆದ ಇಬ್ಬರಲ್ಲಿ ಬಿಳಿಯ ರೋಗಿಯಾಗುತ್ತಿದ್ದ, ಕರಿಯ ಆರೋಗ್ಯವಂತನಾಗುತ್ತಿದ್ದ. ಆಟಗಾರರಲ್ಲಿ ಬಹುಸಂಖ್ಯಾತರು ಕಪ್ಪು ಜನರಾಗಿರುವ ಲೀಗಿನಲ್ಲಿ ಇದು ನಡೆದದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಕೆವಿನ್ ಹೆನ್ರಿ ಮತ್ತು ನಾಜೆ ಡೆವನ್‌ಪೋರ್ಟ್ ಎಂಬ ಮಾಜಿ ಆಟಗಾರರು 2020ರಲ್ಲಿ ನ್ಯಾಯಾಲಯಕ್ಕೆ ಹೋದ ಮೇಲೆ, 2021ರ ಜೂನ್‌ನಲ್ಲಿ, ಈ ಪದ್ಧತಿಯನ್ನು ಕೈಬಿಡುವುದಾಗಿ ಲೀಗ್ ಹೇಳಿತು. ಥಾಮಸ್ ನಿವೃತ್ತರಾದ ತಿಂಗಳೂ ಅದೇ.

ಆದರೆ ಥಾಮಸ್ ಆ ರಾಜಿಯ ವ್ಯಾಪ್ತಿಗೇ ಬರುವುದಿಲ್ಲ. ಅದು 2014ರ ಜುಲೈ 7ಕ್ಕೆ ಮುಂಚೆ ನಿವೃತ್ತರಾದವರಿಗೆ ಮಾತ್ರ. ಸತ್ತ ಮೇಲೆ ಸಿ.ಟಿ.ಇ. ಕಂಡುಬಂದರೆ ಕೊಡುವ ಪರಿಹಾರವಂತೂ 2015ರ ಏಪ್ರಿಲ್ 22ಕ್ಕೆ ಮೊದಲು ಸತ್ತವರ ಮನೆಯವರಿಗಷ್ಟೇ. ಅವರು 111 ಚೆಂಡು ಹಿಡಿದ ಸೀಸನ್ ಆರಂಭವಾದದ್ದು 2014ರ ಸೆಪ್ಟೆಂಬರಿನಲ್ಲಿ.