ಮಂತ್ರದ ಚೀಟಿ

ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯವರ ವಿನೋದವನ ಮ್ಯಾಜಿಕ್ ಕಿಂಗ್‌ಡಮ್ ಇದೆಯಷ್ಟೆ. ಅಲ್ಲಿ 2012ರಲ್ಲಿ ಮನೆಮಂದಿಯೆಲ್ಲ ಕೂಡಿ ಆಡುವ ಹುಡುಕಾಟವೊಂದನ್ನು ಹೂಡಿದರು. ತಲೆಗೆ ದಿನಕ್ಕೆ ಐದು ಮಂತ್ರದ ಚೀಟಿ, ಜೊತೆಗೊಂದು ನಕ್ಷೆ, ಎರಡೂ ಪುಕ್ಕಟೆ. (ಒಳಬರುವ ಟಿಕೀಟಿನ ಮಾತು ಬೇರೆ!) ನಕ್ಷೆ ತೋರಿದ ಕಿಟಕಿಯ ಮುಂದೆ ನಿಂತರೆ ಅದರೊಳಗೆ ಕಥೆಯ ದುಷ್ಟನೊಬ್ಬ ಮೂಡುವನು. ಚೀಟಿ ಎತ್ತಿ ಹಿಡಿದರಾಯಿತು, ಕ್ಯಾಮರಾ ಅದನ್ನು ಗುರುತಿಸಿ ಮಂತ್ರ ಪ್ರಯೋಗವಾಗುವುದು. ಚೀಟಿಗಳಲ್ಲಿ 70 ಬಗೆ. ತಮ್ಮಲ್ಲಿಲ್ಲದ್ದು ಪರರ ಮಕ್ಕಳ ಕೈಯಲ್ಲಿರುತ್ತಿತ್ತು, ಮಾತಾಡಿಸಿ ಬದಲಾಯಿಸಿಕೊಳ್ಳಬೇಕು. ನನಗೆ ಮೆಚ್ಚುಗೆಯಾದದ್ದು ಇದೇ.

2021ರಲ್ಲಿ ಆ ಆಟ ನಿಂತಿತು. ಮರುವರ್ಷ ನೆರೆಯ ಎಪ್ಕಾಟ್‌ನಲ್ಲಿ ಬಂದ ಡಕ್‌ಟೇಲ್ಸ್ ಹುಡುಕಾಟದಲ್ಲಿ ಸುಳಿವೆಲ್ಲ ಬಂದವರ ಫೋನಿನಲ್ಲೇ. ಮನೆಗೊಂದೇ ಫೋನು ಹೊರತೆಗೆದರೆ, ಮೂವರು ಮಕ್ಕಳಲ್ಲಿ ಇಬ್ಬರು ಅಣ್ಣನ ಹೆಗಲ ಮೇಲಿಂದ ಇಣುಕುತ್ತ ನಡೆಯಬೇಕು.