ಹಿಮಾಲಯದ ಮಕ್ಕಳೊಡನೆ ಹನ್ನೆರಡು ದಿನ
(ಶತಮಾನೋತ್ಸವ ಸಭೆಯಲ್ಲಿ ಸೇವಾತಂಡದ ಪರವಾಗಿ ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ಕಡಲಾಚೆಯಿಂದ ಬಂದ ಗುರುಗಳು ನಮ್ಮ ಹಿರಿಯರ ನಡುವೆ ನೆಲೆಸಿ, ಕನ್ನಡ ಕಲಿತು, ಈ ಮಣ್ಣಿನಲ್ಲಿಯೇ ಮಣ್ಣಾದರು. ಅವರ ಋಣವನ್ನು ಕಿಂಚಿತ್ತಾದರೂ ತೀರಿಸುವ ಹಂಬಲದಿಂದ ನಾವು ಒಂಬತ್ತು ಮಂದಿ 2016ರ ನವೆಂಬರಿನಲ್ಲಿ ನೇಪಾಳಕ್ಕೆ ಹೋಗಿಬಂದೆವು.

ನೇಪಾಳದ ಕಥೋಲಿಕ ಧರ್ಮಸಭೆ ಗಾತ್ರದಲ್ಲಿ ಬಲು ಚಿಕ್ಕದು. 18ನೆಯ ಶತಮಾನದಲ್ಲಿ ಅಲ್ಲಿ ಸೇವೆಗೈದ ಕಪುಚಿನ್ ಗುರುಗಳು 1769ರಲ್ಲಿ ದೇಶ ಬಿಡಬೇಕಾಯಿತು. ಅವರೊಡನೆ ನೇವಾರ ಕ್ರೈಸ್ತರು ಬಿಹಾರದ ಬೇತಿಯಾ ಸೀಮೆಗೆ ವಲಸೆ ಬಂದರು. 1951ರಲ್ಲಿ ಯೇಸುಸಭೆಯ ಗುರುಗಳು ಗೋದಾವರಿಯಲ್ಲಿ ಶಾಲೆ ತೆರೆದರು. ಅಂದಿನಿಂದ ಆ ಕಡಿದ ಬಳ್ಳಿ ಮತ್ತೆ ಚಿಗುರಿತು.

2015ರ ಏಪ್ರಿಲ್ 25ರ ಭೂಕಂಪ ಅಲ್ಲಿ ಸುಮಾರು 9,000 ಜನರನ್ನು ಬಲಿತೆಗೆದುಕೊಂಡಿತು. ಅಂದು ಶನಿವಾರ, ಅಲ್ಲಿಯ ವಾರದ ರಜೆ. ಶಾಲೆಗಳು ಕುಸಿದಾಗ ತರಗತಿಗಳಲ್ಲಿ ಮಕ್ಕಳಿರಲಿಲ್ಲ. ನಾವು ತಂಗಿದ್ದ ಸಿಂಧುಪಾಲ್ಚೋಕ್ ಜಿಲ್ಲೆಯ ಹಳ್ಳಿಯಲ್ಲಿ ಒಂದೂವರೆ ವರ್ಷದ ಮೇಲೂ ಬಿದಿರು ತಗಡುಗಳ ಕೊಟ್ಟಿಗೆಯಲ್ಲೇ ಪಾಠ ನಡೆಯುತ್ತಿತ್ತು.

ಸ್ವೆಟರು, ಸ್ಲೇಟು, ಬಣ್ಣದ ಡಬ್ಬಿಗಳನ್ನು ಹೊತ್ತು ಉತ್ಸಾಹದಿಂದ ಹೋದೆವು. ಗೋಡೆಗೆ ಸುಣ್ಣ ಬಣ್ಣ ಹಚ್ಚಲು ಸಜ್ಜಾದಾಗ, ಅಲ್ಲಿಯ ಒಬ್ಬ ಭಗಿನಿಯರು ನಯವಾಗಿ ಹೇಳಿದರು: "ಈ ಕೆಲಸ ಬಲ್ಲವರು ಹಳ್ಳಿಯಲ್ಲೇ ಇದ್ದಾರೆ, ಅವರಿಗೆ ಕೂಲಿಯಿಲ್ಲ. ನೀವು ಮಕ್ಕಳ ಬಳಿ ಕುಳಿತುಕೊಳ್ಳಿ." ನಾವು ನಾಚಿದೆವು. ಬಣ್ಣದ ಡಬ್ಬಿಗಳನ್ನೂ ಕೂಲಿಯ ಹಣವನ್ನೂ ಅವರ ಕೈಗಿತ್ತು, ಮಕ್ಕಳೊಡನೆ ಲೆಕ್ಕ ಮಾಡಿದೆವು, ಹಾಡಿದೆವು, ಅವರಿಂದ ನೇಪಾಳಿ ಮಾತು ಕಲಿತೆವು.

ಅಲ್ಲಿಂದ ಮರಳುವಾಗ ಒಂದು ಅನಾಥಾಲಯಕ್ಕೂ ಹೋದೆವು. ಅಲ್ಲಿಯ ಏಳೆಂಟು ವರ್ಷದ ಹುಡುಗಿಯೊಬ್ಬಳು ನಮ್ಮ ತಂಡದ ಅಕ್ಕನ ಸೆರಗು ಹಿಡಿದು, "ಮತ್ತೆ ಯಾವಾಗ ಬರುತ್ತೀರಿ?" ಎಂದಳು. "ಬೇಗ ಬರುತ್ತೇವೆ" ಎಂದೆವು. ಆಮೇಲೆ ತಿಳಿಯಿತು, ಅವಳ ತಾಯಿ ಬೆಟ್ಟದ ಹಳ್ಳಿಯಲ್ಲಿ ಬದುಕಿದ್ದಾಳೆ. ಅನ್ನಕ್ಕೂ ಶಾಲೆಗೂ ಗತಿಯಿಲ್ಲದೆ ಮಗಳನ್ನು ಕಳುಹಿಸಿದ್ದಾಳೆ. ಅಂಥ ಮಕ್ಕಳು ಆ ದೇಶದ ಅನಾಥಾಲಯಗಳಲ್ಲಿ ಬಹಳ. ಆ ಮಗುವಿಗೆ ಬೇಕಾಗಿದ್ದುದು ನಮ್ಮ ಅಪ್ಪುಗೆಯಲ್ಲ, ತಾಯಿಯ ಮಡಿಲು. ನಾವು ಕೊಟ್ಟ ಮಾತನ್ನೂ ಉಳಿಸಿಕೊಳ್ಳಲಿಲ್ಲ. ಈ ತಪ್ಪನ್ನು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುತ್ತೇವೆ.

ಶಿಲುಬೆಹಾದಿಯಲ್ಲಿ ಸಿರೇನಿನ ಸಿಮೋನನನ್ನು ನೆನೆಯಿರಿ. ಅವನೂ ಪರದೇಶಿಯೇ, ಹೊತ್ತದ್ದೂ ಸ್ವಲ್ಪ ದೂರವೇ. ಆದರೆ ಅವನು ತನಗಿಷ್ಟವಾದ ಭಾರವನ್ನು ಆರಿಸಿಕೊಳ್ಳಲಿಲ್ಲ. ಪ್ರಭುವಿನ ಹೆಗಲ ಮೇಲಿದ್ದುದನ್ನೇ ಹೊತ್ತನು.

ಶತಮಾನೋತ್ಸವದ ನೆನಪಿಗೆ ಇನ್ನೊಂದು ಯಾತ್ರೆ ಹೊರಡಬೇಕೆಂದು ನಮ್ಮ ಯುವಜನರು ಬಯಸಿದ್ದಾರೆ. ಅವರ ಉತ್ಸಾಹ ದೊಡ್ಡದು. ಆದರೂ ಹೋಗಿಬಂದ ನಮ್ಮ ವಿನಂತಿ ಇದು: ಪ್ರಯಾಣದ ಹಣವನ್ನು ಮಕ್ಕಳನ್ನು ತಾಯಂದಿರ ಬಳಿಯಲ್ಲೇ ಉಳಿಸಿ ಓದಿಸುವ ಕೆಲಸಕ್ಕೆ, ಅಲ್ಲಿಯ ಭಗಿನಿಯರ ಮೂಲಕ, ಹತ್ತು ವರ್ಷ ತಪ್ಪದೆ ಕಳುಹಿಸೋಣ. ಹೋಗಲೇಬೇಕೆನ್ನುವವರು ನಮ್ಮ ಹಿಂದಿನ ಗುರುಗಳಂತೆ ಭಾಷೆ ಕಲಿತು, ನೆಲೆಸುವ ಮನಸ್ಸಿನಿಂದ ಹೋಗಲಿ.

ಆ ಹುಡುಗಿಗೆ ಕೊಟ್ಟ ಮಾತು ಹೀಗಾದರೂ ಸಲ್ಲಲಿ. ಮಾತೆ ಮರಿಯಮ್ಮನವರು ಆ ಮಕ್ಕಳನ್ನೂ ನಮ್ಮನ್ನೂ ಕಾಯಲಿ.