ರೈಲ್ವೆ ಗೇಟ್‌ನಲ್ಲಿ ಹೋದ ಜೀವಕ್ಕೆ ಹೊಣೆ ಯಾರು?

ಉಳ್ಳೂರಿನಿಂದ ಮಾತಾಡ್ತಾ ಇದ್ದೀನಿ. ಕೇರಳದಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೂ, ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಹಳಿ ಪಕ್ಕದಲ್ಲೇ ಬದುಕೋ ನಮ್ಮವರಿಗೂ ಬೇಕಾದ ವಿಷಯ ಇದು. ರಸ್ತೆ ಹಳಿಯನ್ನ ದಾಟುವ ಜಾಗದಲ್ಲಿ ಅಪಘಾತ ಆದ್ರೆ ರೈಲ್ವೆ ಇಲಾಖೆಗೆ ಹೊಣೆ ಇದೆಯಾ, ಇಲ್ವಾ?

ಸಾಮಾನ್ಯವಾಗಿ ಜನ ಹೇಳೋ ಮಾತು ಒಂದೇ: "ರೈಲು ತನ್ನ ದಾರಿಯಲ್ಲಿ ತಾನು ಬರುತ್ತೆ, ಅಡ್ಡ ಹೋದವನದ್ದೇ ತಪ್ಪು." ಅರ್ಧ ನಿಜ. ಇನ್ನರ್ಧ ತಿಳಿಯದೆ ಎಷ್ಟೋ ಕುಟುಂಬಗಳು ಅರ್ಜಿಯನ್ನೇ ಹಾಕದೆ ಸುಮ್ಮನಾಗ್ತವೆ.

ಆ ಇನ್ನರ್ಧವನ್ನ ಹೇಳಿಕೊಟ್ಟ ಮೊಕದ್ದಮೆ ನಮ್ಮ ಕೊಚ್ಚಿ ಪಕ್ಕದ್ದೇ. ಈಗ ವಿಮಾನ ನಿಲ್ದಾಣ ಇರುವ ನೆಡುಂಬಾಶ್ಶೇರಿಯ ಹತ್ತಿರ ಅಕಪರಂಬು ಅಂತ ಊರು. 1979ರ ಮೇ 9ರಂದು ಅಲ್ಲಿ ಗೇಟ್‌ಮನ್ ಇಲ್ಲದ ಲೆವೆಲ್ ಕ್ರಾಸಿಂಗ್ ದಾಟುತ್ತಿದ್ದ ಬಸ್ಸಿಗೆ ರೈಲು ಬಡಿಯಿತು. 40 ಪ್ರಯಾಣಿಕರು ಸತ್ತರು, ಚಾಲಕನೂ ಸತ್ತ. ಪರಿಹಾರದ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1997ರಲ್ಲಿ ತೀರ್ಪು ಬಂತು. ಹದಿನೆಂಟು ವರ್ಷ!

ರೈಲ್ವೆಯ ವಾದ ಏನಿತ್ತು? ಗೇಟ್ ಹಾಕಿ, ಆಳು ನೇಮಿಸಿ ಅಂತ ಕೇಂದ್ರ ಸರ್ಕಾರ ಆದೇಶ ಕೊಟ್ಟರೆ ಮಾತ್ರ ನಮಗೆ ಆ ಕರ್ತವ್ಯ. ಆದೇಶ ಇರಲಿಲ್ಲ, ಹಾಗಾಗಿ ಹೊಣೆಯೂ ಇಲ್ಲ. ಆಗ ಜಾರಿಯಲ್ಲಿದ್ದದ್ದು 1890ರ ರೈಲ್ವೆ ಕಾಯ್ದೆ. ಕೋರ್ಟ್ ಈ ವಾದ ಒಪ್ಪಲಿಲ್ಲ. ಕಾಯ್ದೆಯಲ್ಲಿ ಬರೆದಿರಲಿ ಬಿಡಲಿ, ಅಪಾಯದ ವಸ್ತುವನ್ನ ಜನ ಓಡಾಡೋ ದಾರಿಗೆ ಅಡ್ಡವಾಗಿ ನಡೆಸುವವರಿಗೆ ತಕ್ಕ ಎಚ್ಚರಿಕೆ ವಹಿಸುವ ಕರ್ತವ್ಯ ಇದ್ದೇ ಇದೆ ಅಂತ ಹೇಳ್ತು. ಅಷ್ಟು ಓಡಾಟ ಇರುವ ಜಾಗದಲ್ಲಿ ಸರ್ಕಾರ ತನ್ನ ಅಧಿಕಾರ ಬಳಸದೆ ಕೂತದ್ದೂ ಸರಿಯಲ್ಲ ಅಂತ ಹೇಳ್ತು.

ಇನ್ನೊಂದು ಮುಖ್ಯವಾದ ಮಾತು. ಚಾಲಕ ಎಚ್ಚರ ತಪ್ಪಿದ್ದರೂ, ಆ ತಪ್ಪನ್ನ ಒಳಗೆ ಕೂತ ಪ್ರಯಾಣಿಕರ ತಲೆಗೆ ಕಟ್ಟೋ ಹಾಗಿಲ್ಲ. ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತವರು ಏನು ಮಾಡಿಯಾರು? ಬಸ್ಸಿನವರೂ ರೈಲ್ವೆಯವರೂ ಇಬ್ಬರೂ ತಪ್ಪಿತಸ್ಥರಾದರೆ, ಇಬ್ಬರಿಂದಲೂ ಪರಿಹಾರ ಕೇಳಬಹುದು.

ಹಾಗಂತ ಚಾಲಕರಿಗೆ ವಿನಾಯಿತಿ ಇದೆ ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಂ ಓದಿ. ಕಾವಲಿಲ್ಲದ ಕ್ರಾಸಿಂಗ್‌ನಲ್ಲಿ ವಾಹನ ನಿಲ್ಲಿಸಬೇಕು. ಕಂಡಕ್ಟರ್ ಅಥವಾ ಸಹಾಯಕ ಇಳಿದು ಹೋಗಿ ಎರಡೂ ಕಡೆ ರೈಲು ಬರ್ತಿಲ್ಲ ಅಂತ ನೋಡಬೇಕು. ಅಂಥವರು ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು.

ಅಮೆರಿಕದಲ್ಲೂ ಇದೇ ಪ್ರಶ್ನೆ ಬಂದಿತ್ತು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಹೋಮ್ಸ್, ಕಾಣದಿದ್ದರೆ ಚಾಲಕ ನಿಲ್ಲಿಸಿ, ಬೇಕಾದರೆ ಇಳಿದು ನೋಡಬೇಕು ಅಂದರು. ಏಳು ವರ್ಷದ ನಂತರ, 1934ರಲ್ಲಿ, ನ್ಯಾಯಮೂರ್ತಿ ಕಾರ್ಡೋಜೊ ಅದನ್ನ ಸಡಿಲಿಸಿದರು. ಇಳಿದು ನೋಡಿ, ಮತ್ತೆ ಹತ್ತಿ ಗಾಡಿ ಹೊರಡಿಸುವಷ್ಟರಲ್ಲಿ ರೈಲು ಬಂದೇ ಬಿಡಬಹುದಲ್ಲ? ಜಾಗ ಜಾಗಕ್ಕೂ ಪರಿಸ್ಥಿತಿ ಬೇರೆ, ಅದನ್ನ ನೋಡಿ ತೀರ್ಮಾನಿಸಬೇಕು ಅನ್ನೋದು ಅವರ ನಿಲುವು.

ಈಗ ನಮ್ಮಲ್ಲಿ ಬ್ರಾಡ್‌ಗೇಜ್ ಹಳಿಗಳ ಮೇಲೆ ಆಳಿಲ್ಲದ ಕ್ರಾಸಿಂಗ್‌ಗಳು ಇಲ್ಲ. 2019ರ ಜನವರಿ ಹೊತ್ತಿಗೆ ಎಲ್ಲವನ್ನೂ ತೆಗೆದರು. ಹಾಗಾದ್ರೆ ಸಮಸ್ಯೆ ಮುಗೀತಾ? ಮುಗಿದಿಲ್ಲ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಹತ್ತಿರದ ಸೆಮ್ಮಂಕುಪ್ಪಂನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ತೀರಿಕೊಂಡರು. ಅಲ್ಲಿ ಗೇಟೂ ಇತ್ತು, ಗೇಟ್‌ಮನ್ ಕೂಡ ಇದ್ದರು. ಇರಲಿಲ್ಲದ್ದು ಇಂಟರ್‌ಲಾಕಿಂಗ್. ಅಂದ್ರೆ ಏನು? ಗೇಟ್ ಮುಚ್ಚದೆ ರೈಲಿಗೆ ಸಿಗ್ನಲ್ ಬೀಳದ ಹಾಗೆ ಎರಡನ್ನೂ ಜೋಡಿಸುವ ವ್ಯವಸ್ಥೆ. ಅದಿಲ್ಲದ ಕಡೆ ಸ್ಟೇಷನ್ನಿನಿಂದ ಬರುವ ಒಂದು ಫೋನ್ ಕರೆ, ಗೇಟಿನಲ್ಲಿರುವ ಒಬ್ಬ ಮನುಷ್ಯ, ಇಷ್ಟರ ಮೇಲೇ ಎಲ್ಲರ ಜೀವ ನಿಂತಿರುತ್ತೆ. ಆ ದುರಂತದ ನಂತರ ರೈಲ್ವೆ, ಇಂಟರ್‌ಲಾಕಿಂಗ್ ಮಾಡಲು ಬೇಕಾದ ಸಂಚಾರದ ಮಿತಿಯನ್ನ 10,000ದಿಂದ 5,000ಕ್ಕೆ ಇಳಿಸೋದಾಗಿ ಹೇಳ್ತು. ದಿನಕ್ಕೆ ಓಡುವ ರೈಲುಗಳನ್ನ ದಾಟುವ ವಾಹನಗಳಿಂದ ಗುಣಿಸಿ ಬರುವ ಲೆಕ್ಕ ಅದು.

ಸರಿ, ಹಣ ಎಲ್ಲಿ ಕೇಳಬೇಕು? ಮೂರು ಬಾಗಿಲು ಇವೆ, ಇವನ್ನ ಕಲಸಿಕೊಳ್ಳಬೇಡಿ.

ಒಂದು, ಎಕ್ಸ್‌ಗ್ರೇಷಿಯಾ. 2023ರ ಸೆಪ್ಟೆಂಬರ್‌ನಿಂದ, ಆಳಿರುವ ಗೇಟ್‌ನಲ್ಲಿ ಮೇಲ್ನೋಟಕ್ಕೆ ರೈಲ್ವೆಯದ್ದೇ ತಪ್ಪು ಅಂತ ಕಂಡರೆ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ಸಣ್ಣ ಗಾಯಕ್ಕೆ 50,000 ರೂಪಾಯಿ. ಇದು ತುರ್ತು ನೆರವು, ಪೂರ್ತಿ ಪರಿಹಾರ ಅಲ್ಲ. ಇದನ್ನ ತಗೊಂಡು "ಎಲ್ಲ ಮುಗೀತು" ಅಂತ ಕೂರಬೇಡಿ.

ಎರಡು, ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್. ಎರ್ನಾಕುಳಂನಲ್ಲೂ ಬೆಂಗಳೂರಿನಲ್ಲೂ ಪೀಠಗಳಿವೆ. ಆದರೆ ಇದು ರೈಲಿನೊಳಗಿನ ಪ್ರಯಾಣಿಕರಿಗೆ. ಬಸ್ಸಿನಲ್ಲಿದ್ದವರು ಇಲ್ಲಿಗೆ ಹೋದರೆ ಸುಮ್ಮನೆ ಸಮಯ ಹಾಳು.

ಮೂರು, ಮೋಟಾರು ಅಪಘಾತ ಕ್ಲೇಮ್ ಟ್ರಿಬ್ಯೂನಲ್. ಬಸ್ಸು, ಕಾರು, ಸ್ಕೂಟರ್‌ನಲ್ಲಿದ್ದವರ ದಾರಿ ಇದು. ಪೂರ್ತಿ ತಪ್ಪು ರೈಲ್ವೆಯದ್ದೇ ಅಂತ ಕೊನೆಗೆ ತೀರ್ಮಾನವಾದರೂ ಈ ಟ್ರಿಬ್ಯೂನಲ್‌ನ ಅಧಿಕಾರ ಹೋಗೋದಿಲ್ಲ ಅಂತ 2002ರಲ್ಲಿ ಭಗವತಿ ಪ್ರಸಾದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. 2022ರ ಏಪ್ರಿಲ್‌ನಿಂದ ಅರ್ಜಿಗೆ ಆರು ತಿಂಗಳ ಗಡುವು ಕಾಯ್ದೆಯಲ್ಲಿದೆ, ಆದ್ದರಿಂದ ತಡ ಮಾಡದೆ ವಕೀಲರನ್ನ ಕಾಣಿ. ವಾಹನವೇ ಇಲ್ಲದೆ ನಡೆದು ದಾಟುವಾಗ ರೈಲು ಬಡಿದರೆ ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತೆ.

ನಡೆದು ದಾಟೋ ಮಾತು ಬಂತು, ಒಂದು ಎಚ್ಚರಿಕೆ ಹೇಳ್ತೀನಿ. ದಾರಿಯಿಲ್ಲದ ಕಡೆ ಹಳಿ ದಾಟಿದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮಣ. ಮುಚ್ಚಿದ ಗೇಟನ್ನ ತೆರೆದರೆ 160ನೇ ಕಲಂ, ಮೂರು ವರ್ಷದವರೆಗೆ ಜೈಲು. ಅಡ್ಡದಂಡದ ಕೆಳಗೆ ಬೈಕ್ ತೂರಿಸಿದವರು ಆಮೇಲೆ ರೈಲ್ವೆಯ ತಪ್ಪನ್ನ ಸಾಬೀತು ಮಾಡೋದು ಬಹಳ ಕಷ್ಟ.

ಅಪಘಾತ ಆದ ಮನೆಯಲ್ಲಿ ಯಾರಾದ್ರೂ ಒಬ್ಬರು ಗಟ್ಟಿ ಮನಸ್ಸು ಮಾಡಿ ಇಷ್ಟು ಮಾಡಿ: ಎಫ್‌ಐಆರ್ ಪ್ರತಿ ತಗೊಳ್ಳಿ. ಗೇಟ್‌ನ ನಂಬರ್ ಬರ್ಕೊಳ್ಳಿ. ಗೇಟ್ ತೆರೆದಿತ್ತಾ, ಮುಚ್ಚಿತ್ತಾ, ನೋಡಿದವರು ಯಾರು, ಕೇಳಿಟ್ಟುಕೊಳ್ಳಿ. ಹಳಿಯ ತಿರುವು, ನೋಟಕ್ಕೆ ಅಡ್ಡವಾದ ಗಿಡಗಂಟಿ, ಎಚ್ಚರಿಕೆ ಫಲಕ ಇದೆಯೋ ಇಲ್ಲವೋ, ಎಲ್ಲದರ ಫೋಟೋ ಅದೇ ವಾರ ತೆಗೆದಿಡಿ. ಮುಂದಿನ ತಿಂಗಳು ಹೋದರೆ ಗಿಡ ಕಡಿದಿರ್ತಾರೆ, ಫಲಕ ಹೊಸದಾಗಿರುತ್ತೆ.

ಹಣದಿಂದ ಹೋದ ಜೀವ ಬರೋದಿಲ್ಲ, ಗೊತ್ತು. ಆದರೆ ಉಳಿದ ಮಕ್ಕಳ ಓದು, ವಯಸ್ಸಾದ ತಂದೆ ತಾಯಿಯ ಔಷಧಿ, ಇವೆಲ್ಲ ನಿಲ್ಲಬಾರದಲ್ಲ? ಈ ಮಾಹಿತಿ ಹಳಿ ಪಕ್ಕ ಇರುವ ನಿಮ್ಮವರಿಗೂ ಮುಟ್ಟಿಸಿ. ಗೇಟ್ ಬಿದ್ದಾಗ ಐದು ನಿಮಿಷ ನಿಲ್ಲಿ.